ಬರೆಯದ ಸಾಲನ್ನು ಓದುವುದು ಹೇಗೆ?

ಈ ಮೂರು ವಾಕ್ಯಗಳನ್ನು ಓದಿ.

ಸುಬ್ಬಮ್ಮ ಮಹಡಿಯಿಂದ ಇಳಿದು ಬಂದು ಕಾಫಿಗೆ ನೀರಿಟ್ಟರು. ಹಪ್ಪಳ ಒಣಗಲು ಇನ್ನೂ ಒಂದು ದಿನ ಬೇಕಿತ್ತು. ಗುಡುಗಿನ ಸದ್ದು ಕಿವಿಗೆ ಬಿದ್ದದ್ದೇ ಒಲೆ ಆರಿಸಿ, ಸೆರಗು ಸಿಕ್ಕಿಸಿಕೊಂಡು, ಮೊಮ್ಮಗನನ್ನು ಕೂಗುತ್ತ ಮತ್ತೆ ಮೆಟ್ಟಿಲು ಹತ್ತಿದರು.

ಹಪ್ಪಳ ಎಲ್ಲಿತ್ತು? ಮಹಡಿಯ ಮೇಲೆ. ಸುಬ್ಬಮ್ಮನಿಗೆ ದಿಗಿಲಾದದ್ದು ಯಾವುದಕ್ಕೆ? ಮಳೆಗೆ. ಮೊಮ್ಮಗನನ್ನು ಕೂಗಿದ್ದೇಕೆ? ಹಪ್ಪಳ ಬೇಗ ಎತ್ತಿಡಲು ಇನ್ನೆರಡು ಕೈ ಬೇಕಿತ್ತು. ಕಾಫಿ ಕುಡಿದರೇ? ಇನ್ನೂ ಇಲ್ಲ.

ಈಗ ಅದೇ ವಾಕ್ಯಗಳತ್ತ ಇನ್ನೊಮ್ಮೆ ನೋಡಿ. ಹಪ್ಪಳ ಮಹಡಿಯಲ್ಲಿದೆ ಎಂದು ಎಲ್ಲೂ ಬರೆದಿಲ್ಲ. ಮಳೆ ಎಂಬ ಪದವೇ ಅಲ್ಲಿಲ್ಲ. ಮೊಮ್ಮಗ ಏನು ಮಾಡಬೇಕಿತ್ತು ಎಂದು ಯಾರೂ ಹೇಳಿಲ್ಲ. ಆದರೂ ಈ ಉತ್ತರಗಳಿಗಾಗಿ ನೀವು ತಡಕಾಡಲಿಲ್ಲ. ಕಣ್ಣು ಸಾಲಿನ ಕೊನೆ ಮುಟ್ಟುವ ಹೊತ್ತಿಗೆ ಎಲ್ಲವೂ ಮನಸ್ಸಿನಲ್ಲಿ ಸಿದ್ಧವಾಗಿತ್ತು.

ಇದರ ಇನ್ನೊಂದು ಮುಖ ಶಿಕ್ಷಕರಿಗೂ ತಂದೆತಾಯಂದಿರಿಗೂ ಚೆನ್ನಾಗಿ ಗೊತ್ತು. ಮಗು ಪಾಠವನ್ನು ಎಲ್ಲೂ ಎಡವದೆ ಗಟ್ಟಿಯಾಗಿ ಓದುತ್ತದೆ. ‘ಹಪ್ಪಳ ಒಣಗಲು ಇನ್ನೆಷ್ಟು ದಿನ ಬೇಕಿತ್ತು?’ ಎಂದರೆ ‘ಒಂದು ದಿನ’ ಎಂದು ಥಟ್ಟನೆ ಹೇಳುತ್ತದೆ. ‘ಸುಬ್ಬಮ್ಮ ಮತ್ತೆ ಮಹಡಿ ಹತ್ತಿದ್ದೇಕೆ?’ ಎಂದರೆ ‘ಗುಡುಗು ಕೇಳಿಸಿತು, ಅದಕ್ಕೆ’ ಎಂದು ನಿಲ್ಲಿಸಿಬಿಡುತ್ತದೆ. ಉತ್ತರ ತಪ್ಪೆನ್ನಲಾಗದು, ಆದರೆ ಅರ್ಥವಾಗಿಲ್ಲ ಎಂಬುದು ಅದರಲ್ಲೇ ಗೊತ್ತಾಗುತ್ತದೆ. ಎರಡು ಪ್ರಶ್ನೆಗಳ ನಡುವೆ ಆ ಮಗು ಕಳೆದುಕೊಂಡದ್ದೇನು? ಬರೆಯದ ಸಾಲು ಒಬ್ಬರಿಗೆ ಕಾಣಿಸಿ ಇನ್ನೊಬ್ಬರಿಗೆ ಕಾಣದಿರುವುದು ಹೇಗೆ? ಈ ಅಧ್ಯಾಯ ಉತ್ತರಿಸಲು ಹೊರಟಿರುವುದು ಈ ಪ್ರಶ್ನೆಗೆ.

ಹಗಲು ಉಣ್ಣದ ದೇವದತ್ತ

ಭಾರತದ ಮೀಮಾಂಸಕರು ಈ ಪ್ರಶ್ನೆಯನ್ನು ಸಾವಿರ ವರ್ಷಕ್ಕೂ ಹಿಂದೆಯೇ ಕೈಗೆತ್ತಿಕೊಂಡಿದ್ದರು. ವೇದವಾಕ್ಯಗಳ ಅರ್ಥವನ್ನು ನಿರ್ಣಯಿಸುವುದು ಅವರ ಕೆಲಸ. ಹಾಗಾಗಿ ವಾಕ್ಯ ಹೇಳಿದ್ದೆಷ್ಟು, ಕೇಳಿದವನು ಸೇರಿಸಿಕೊಂಡದ್ದೆಷ್ಟು ಎಂಬ ಲೆಕ್ಕ ಅವರಿಗೆ ಬಹಳ ಮುಖ್ಯವಾಗಿತ್ತು. ಅವರ ಹೆಸರಾಂತ ಉದಾಹರಣೆಯೊಂದರಲ್ಲಿ ದೇವದತ್ತನೆಂಬವನಿದ್ದಾನೆ. ಅವನು ಮೈತುಂಬಿಕೊಂಡು ದಪ್ಪಗಿದ್ದಾನೆ, ಹಗಲು ಹೊತ್ತು ಊಟ ಮಾಡುವುದಿಲ್ಲ. ಇಷ್ಟು ಕೇಳಿದವರೆಲ್ಲ ಅವನು ರಾತ್ರಿ ಉಣ್ಣುತ್ತಾನೆ ಎಂದುಕೊಳ್ಳುತ್ತಾರೆ.

ಈ ಬಗೆಯ ಅರಿವಿಗೆ ಅವರು ಅರ್ಥಾಪತ್ತಿ ಎಂದು ಹೆಸರಿಟ್ಟರು. 7ನೇ ಶತಮಾನದ ಕುಮಾರಿಲ ಭಟ್ಟರು ಇದನ್ನು ಪ್ರತ್ಯೇಕ ಪ್ರಮಾಣವೆಂದೇ, ಅಂದರೆ ಅರಿವು ಪಡೆಯುವ ಬೇರೆಯದೇ ದಾರಿಯೆಂದೇ, ಎಣಿಸಿದರು. ನ್ಯಾಯದರ್ಶನದ ನೈಯಾಯಿಕರು ಒಪ್ಪಲಿಲ್ಲ, ಇದೂ ಅನುಮಾನದೊಳಗೇ, ಅಂದರೆ ತರ್ಕದಿಂದ ತಿಳಿಯುವುದರೊಳಗೇ, ಬರುತ್ತದೆ ಎಂದು ವಾದಿಸಿದರು. ಆ ವಾದ ಏನೇ ಇರಲಿ, ಉದಾಹರಣೆಯೊಳಗಿನ ಎರಡು ಸಂಗತಿಗಳು ನಮಗೆ ಬೇಕು. ಒಂದು, ಹೇಳಿದ ಎರಡು ಮಾತು ಜೊತೆಯಾಗಿ ನಿಲ್ಲಲಾರವು ಎನಿಸಿದಾಗಲೇ ಮನಸ್ಸು ಮೂರನೆಯದನ್ನು ತರುತ್ತದೆ. ಎರಡು, ಉಣ್ಣದೆ ಯಾರೂ ದಪ್ಪಗಿರಲಾರರು ಎಂಬ ತಿಳಿವಳಿಕೆ ಕೇಳುಗನಲ್ಲಿ ಮೊದಲೇ ಇರಬೇಕು. ಅದಿಲ್ಲದವನಿಗೆ ಅಲ್ಲಿ ಏನೋ ಬಿಟ್ಟುಹೋಗಿದೆ ಎಂದು ಅನ್ನಿಸುವುದೇ ಇಲ್ಲ. 20ನೇ ಶತಮಾನದ ಪ್ರಯೋಗಾಲಯಗಳು ಕಂಡುಕೊಂಡ ಬಹುಪಾಲು ಸಂಗತಿಗಳ ಬೀಜ ಇಲ್ಲಿದೆ.

ಮಾತು ಮರೆತರೂ ಚಿತ್ರ ಉಳಿಯುತ್ತದೆ

1967ರಲ್ಲಿ ಅಮೆರಿಕದ ಮನೋವಿಜ್ಞಾನಿ ಜಾಕ್ವೆಲಿನ್ ಸ್ಯಾಕ್ಸ್ ಒಂದು ಸರಳ ಪ್ರಯೋಗ ಮಾಡಿದರು. ಜನರಿಗೆ ಒಂದು ಬರಹವನ್ನು ಕೇಳಿಸಿ, ನಡುವೆ ನಿಲ್ಲಿಸಿ, ಹಿಂದೆ ಕೇಳಿದ್ದ ಒಂದು ವಾಕ್ಯವನ್ನು ಮತ್ತೆ ಕೇಳಿಸಿದರು. ಕೆಲವೊಮ್ಮೆ ಅದು ಇದ್ದ ಹಾಗೆಯೇ ಇರುತ್ತಿತ್ತು, ಕೆಲವೊಮ್ಮೆ ಪದಗಳ ಜೋಡಣೆ ಮಾತ್ರ ಬದಲಾಗಿರುತ್ತಿತ್ತು, ಇನ್ನು ಕೆಲವೊಮ್ಮೆ ಅರ್ಥವೇ ಬದಲಾಗಿರುತ್ತಿತ್ತು. ಕೇಳಿದ ತಕ್ಷಣವಾದರೆ ಜನ ಎಲ್ಲ ಬದಲಾವಣೆಗಳನ್ನೂ ಹಿಡಿದರು. ನಡುವೆ ಕೇವಲ 80 ಅಕ್ಷರಾಂಶಗಳಷ್ಟು ಮಾತು ಹಾದುಹೋಗಿದ್ದರೆ ಸಾಕು, ಜೋಡಣೆಯ ಬದಲಾವಣೆ ಬಹುಮಟ್ಟಿಗೆ ಗೊತ್ತಾಗುತ್ತಿರಲಿಲ್ಲ. ಅರ್ಥದ ಬದಲಾವಣೆ ಮಾತ್ರ ಆಗಲೂ ಗೊತ್ತಾಗುತ್ತಿತ್ತು. ಅಂದರೆ ಪದಗಳು ನಮ್ಮಲ್ಲಿ ಅರೆನಿಮಿಷವೂ ಉಳಿಯುವುದಿಲ್ಲ, ಅವು ಕಟ್ಟಿಕೊಟ್ಟದ್ದು ಉಳಿಯುತ್ತದೆ.

ಹಾಗೆ ಉಳಿಯುವುದೇನು ಎಂಬುದಕ್ಕೆ 1972ರಲ್ಲಿ ಜಾನ್ ಬ್ರಾನ್ಸ್‌ಫೋರ್ಡ್ ಮತ್ತು ಜೊತೆಗಾರರು ಸೊಗಸಾದ ಉತ್ತರ ಕೊಟ್ಟರು. ನೀರಿನಲ್ಲಿ ತೇಲುವ ಮರದ ದಿಮ್ಮಿಯ ಮೇಲೆ ಮೂರು ಆಮೆಗಳಿವೆ, ಆಮೆಗಳ ಕೆಳಗೆ ಒಂದು ಮೀನು ಈಜಿಹೋಯಿತು ಎಂಬರ್ಥದ ವಾಕ್ಯವನ್ನು ಕೇಳಿಸಿದರು. ಸ್ವಲ್ಪ ಹೊತ್ತಿನ ಮೇಲೆ, ಮೀನು ದಿಮ್ಮಿಯ ಕೆಳಗೆ ಈಜಿತು ಎಂಬ ವಾಕ್ಯ ತೋರಿಸಿದರೆ ಜನ ‘ಹೌದು, ಇದನ್ನೇ ಕೇಳಿದ್ದೆವು’ ಎಂದರು. ಕೇಳಿದ್ದು ಅದನ್ನಲ್ಲ. ಆದರೆ ಆಮೆ ದಿಮ್ಮಿಯ ಮೇಲಿದ್ದು, ಮೀನು ಆಮೆಯ ಕೆಳಗಿದ್ದರೆ, ದಿಮ್ಮಿಯ ಕೆಳಗೂ ಇರಲೇಬೇಕಲ್ಲ! ಆಮೆಗಳು ದಿಮ್ಮಿಯ ಪಕ್ಕದಲ್ಲಿವೆ ಎಂದು ಹೇಳಿದ್ದಾಗ ಈ ಗೊಂದಲ ಆಗಲಿಲ್ಲ.

ಹೀಗೆ ಓದುತ್ತ ಹೋದಂತೆ ಮನಸ್ಸಿನಲ್ಲಿ ಮೂಡುವ ದೃಶ್ಯವನ್ನು ನಾವು ಸನ್ನಿವೇಶಚಿತ್ರ ಎಂದು ಕರೆಯೋಣ. ಯಾರು ಎಲ್ಲಿದ್ದಾರೆ, ಏನು ನಡೆಯಿತು, ಯಾಕೆ ನಡೆಯಿತು ಎಂಬುದೆಲ್ಲ ಅದರಲ್ಲಿ ಒಟ್ಟಿಗಿರುತ್ತದೆ. ಆ ಚಿತ್ರದಲ್ಲಿ ಬರೆದದ್ದಕ್ಕೂ ಬರೆಯದೆ ಉಳಿದದ್ದಕ್ಕೂ ನಡುವೆ ಗೆರೆ ಇರುವುದಿಲ್ಲ. ಸುಬ್ಬಮ್ಮನ ಕಥೆಯಲ್ಲಿ ಮಳೆಮೋಡ ಇತ್ತು ಎಂದು ನಾಳೆ ನೀವು ಯಾರಿಗಾದರೂ ಹೇಳಿದರೆ, ಅದು ನಿಮ್ಮ ಸನ್ನಿವೇಶಚಿತ್ರದಿಂದ ಬಂದ ಮೋಡ.

ಹಳ್ಳಕ್ಕೆ ಹಾಕಿದ ಕಲ್ಲುಗಳು

ಚಿತ್ರ ಮೂಡುವ ಬಗೆಯನ್ನು ಹಿಡಿಯಲು ಒಂದು ಹೋಲಿಕೆ ಇಟ್ಟುಕೊಳ್ಳೋಣ. ಮಳೆಗಾಲದಲ್ಲಿ ತುಂಬಿ ಹರಿಯುವ ಸಣ್ಣ ಹಳ್ಳ. ದಾಟುವವರಿಗಾಗಿ ಯಾರೋ ಅಡ್ಡಕ್ಕೆ ಕಲ್ಲುಗಳನ್ನು ಹಾಕಿದ್ದಾರೆ. ಕಲ್ಲು ಹಾಕಿದವರು ಹಳ್ಳವನ್ನು ಪೂರ್ತಿ ಮುಚ್ಚಿಲ್ಲ, ಒಂದು ಹೆಜ್ಜೆಗೆ ಎಟಕುವಷ್ಟು ಜಾಗ ಬಿಟ್ಟಿದ್ದಾರೆ. ಬರಹದಲ್ಲಿ ವಾಕ್ಯಗಳು ಆ ಕಲ್ಲುಗಳು. ನಡುವಿನ ಹೆಜ್ಜೆ ಓದುಗನದು. ಆ ಹೆಜ್ಜೆಯನ್ನೇ ಮನೋವಿಜ್ಞಾನದಲ್ಲಿ ಇನ್‌ಫರೆನ್ಸ್ ಎನ್ನುತ್ತಾರೆ. ನಾವು ಊಹೆ ಎನ್ನೋಣ.

ಈ ಹೆಜ್ಜೆಗೆ ಹಿಡಿಯುವ ಹೊತ್ತನ್ನು ಅಳೆಯಬಹುದು. 1974ರಲ್ಲಿ ಸೂಸನ್ ಹ್ಯಾವಿಲ್ಯಾಂಡ್ ಮತ್ತು ಹರ್ಬರ್ಟ್ ಕ್ಲಾರ್ಕ್ ಅಳೆದೇ ನೋಡಿದರು. ಒಂದು ಗುಂಪಿನ ವಾಕ್ಯಗಳಲ್ಲಿ, ಕಾರಿನ ಡಿಕ್ಕಿಯಿಂದ ಬಿಯರ್ ತೆಗೆದರು ಎಂದ ಮೇಲೆ ಬಿಯರ್ ಬೆಚ್ಚಗಿತ್ತು ಎಂದು ಬರುತ್ತಿತ್ತು. ಇನ್ನೊಂದರಲ್ಲಿ, ಪಿಕ್ನಿಕ್ ಸಾಮಾನುಗಳನ್ನು ನೋಡಿದರು ಎಂದ ಮೇಲೆ ಅದೇ ಬಿಯರ್ ಬೆಚ್ಚಗಿತ್ತು ಎಂಬ ವಾಕ್ಯ. ಎರಡನೆಯ ಜೋಡಿಯಲ್ಲಿ ಓದುಗ ಸಾಮಾನುಗಳಲ್ಲಿ ಬಿಯರೂ ಇತ್ತು ಎಂಬ ಬರೆಯದ ಮಾತನ್ನು ತಾನೇ ಸೇರಿಸಬೇಕು. ವಾಕ್ಯ ಅರ್ಥವಾದೊಡನೆ ಗುಂಡಿ ಒತ್ತಲು ಹೇಳಿದ್ದರು. ಎರಡನೆಯ ಜೋಡಿಗೆ ಸೆಕೆಂಡಿನ ಐದನೇ ಒಂದು ಭಾಗಕ್ಕೆ ಹತ್ತಿರದಷ್ಟು ಹೆಚ್ಚು ಹೊತ್ತು ಹಿಡಿಯಿತು.

ಬಿಯರ್ ಎಂಬ ಪದ ಮೊದಲ ಜೋಡಿಯಲ್ಲಿ ಎರಡು ಸಲ ಬಂದದ್ದರಿಂದ ಓದು ಸಲೀಸಾಯಿತೇ ಎಂಬ ಅನುಮಾನ ಬರಬಹುದು. ಅದನ್ನೂ ಅವರು ಪರೀಕ್ಷಿಸಿದರು. ಒಬ್ಬನಿಗೆ ಬಿಯರ್ ಎಂದರೆ ಬಹಳ ಇಷ್ಟ ಎಂದು ಹೇಳಿ, ಆಮೇಲೆ ಬಿಯರ್ ಬೆಚ್ಚಗಿತ್ತು ಎಂದರೂ ಓದು ನಿಧಾನವೇ ಆಯಿತು. ಪದ ಎರಡು ಸಲ ಬಂದರೂ ಅಲ್ಲಿ ಎದುರಿಗೆ ಯಾವ ಬಾಟಲಿಯೂ ಇರಲಿಲ್ಲ. ಹೊತ್ತು ಹೋದದ್ದು ಎರಡು ವಾಕ್ಯಗಳನ್ನು ಬೆಸೆಯುವುದಕ್ಕೇ.

ಹಾಗಾದರೆ ಕಲ್ಲುಗಳನ್ನು ಒತ್ತೊತ್ತಾಗಿ ಹಾಕಿದರೆ ಓದುಗನಿಗೆ ಉಪಕಾರವಲ್ಲವೇ? 1984ರಲ್ಲಿ ಜಾನಿಸ್ ಕೀನನ್ ಮತ್ತು ಸಂಗಡಿಗರು ಇದಕ್ಕೆ ಅಚ್ಚರಿಯ ಉತ್ತರ ಕಂಡರು. ಹುಡುಗನೊಬ್ಬನ ಮೈತುಂಬ ಮರುದಿನ ಬಾಸುಂಡೆಗಳಿದ್ದವು ಎಂಬುದು ಕೊನೆಯ ವಾಕ್ಯ. ಅದಕ್ಕೆ ಮುಂಚಿನ ವಾಕ್ಯವನ್ನು ಬೇರೆಬೇರೆ ಓದುಗರಿಗೆ ಬೇರೆಬೇರೆಯಾಗಿ ಕೊಟ್ಟರು. ಅಣ್ಣ ಅವನನ್ನು ಮತ್ತೆ ಮತ್ತೆ ಗುದ್ದಿದ ಎಂಬುದು ಒಂದು. ತಾಯಿ ಅವನ ಮೇಲೆ ಸಿಟ್ಟಿನಿಂದ ಕೆಂಡವಾದಳು ಎಂಬುದು ಇನ್ನೊಂದು. ಆಟವಾಡಲು ಪಕ್ಕದ ಮನೆಗೆ ಹೋದ ಎಂಬುದು ಮತ್ತೊಂದು. ನಂಟು ದೂರವಾದಷ್ಟೂ ಓದಲು ಹೆಚ್ಚು ಹೊತ್ತು ಬೇಕಾಯಿತು, ಅದು ನಿರೀಕ್ಷಿಸಿದ್ದೇ. ಆದರೆ ಆಮೇಲೆ ಅತಿ ಚೆನ್ನಾಗಿ ನೆನಪಿನಲ್ಲಿ ಉಳಿದದ್ದು ಎಲ್ಲವನ್ನೂ ಬಿಡಿಸಿ ಹೇಳಿದ ಜೋಡಿಯಲ್ಲ, ನಂಟೇ ಕಾಣದ ಜೋಡಿಯೂ ಅಲ್ಲ. ನಡುವಿನ ಅಂತರದ ಜೋಡಿ. ತಾನೇ ಇಟ್ಟ ಹೆಜ್ಜೆಯನ್ನು ಓದುಗ ಮರೆಯುವುದಿಲ್ಲ. ಒಳ್ಳೆಯ ಕಥೆಗಾರರು ಎಲ್ಲವನ್ನೂ ಹೇಳದೆ ಬಿಡುವುದರಿಂದ ನಮಗೆ ದೊರೆಯುವ ಸುಖಕ್ಕೆ ಇದು ಒಂದು ಕಾರಣ.

ಮೊದಲು ಎಲ್ಲವೂ ಬರುತ್ತದೆ, ಆಮೇಲೆ ಹೊಂದುವುದು ಉಳಿಯುತ್ತದೆ

ಒಂದು ಹೆಜ್ಜೆ ಇಡುವಾಗ ತಲೆಯೊಳಗೆ ಏನಾಗುತ್ತದೆ? ಸರಿಯಾದ ನೆನಪನ್ನೇ ಮನಸ್ಸು ಹುಡುಕಿ ತರುತ್ತದೆ ಎಂದು ನಮಗೆ ತೋರುತ್ತದೆ. ನಡೆಯುವುದು ಬೇರೆಯೇ.

ಇಂಗ್ಲಿಷಿನ ‘ಬಗ್’ ಎಂಬ ಪದಕ್ಕೆ ಹುಳು ಎಂದೂ ಅರ್ಥವಿದೆ, ಗುಟ್ಟಾಗಿ ಮಾತು ಕದ್ದು ಕೇಳುವ ಯಂತ್ರ ಎಂದೂ ಅರ್ಥವಿದೆ. 1979ರಲ್ಲಿ ಡೇವಿಡ್ ಸ್ವಿನಿ, ಜೇಡ ಜಿರಳೆಗಳ ಜೊತೆಗೆ ಈ ಪದ ಬರುವ ವಾಕ್ಯವನ್ನು ಜನರಿಗೆ ಕೇಳಿಸಿದರು. ಅಲ್ಲಿ ಹುಳು ಎಂಬರ್ಥವೇ ಸರಿ, ಸಂಶಯವಿಲ್ಲ. ಆ ಪದ ಕಿವಿಗೆ ಬಿದ್ದ ಕ್ಷಣವೇ ಪರದೆಯ ಮೇಲೆ ಇರುವೆ ಅಥವಾ ಗೂಢಚಾರ ಎಂಬ ಪದ ತೋರಿಸಿದರೆ, ಜನ ಎರಡನ್ನೂ ಚುರುಕಾಗಿ ಗುರುತಿಸಿದರು. ಎಂದರೆ ಎರಡೂ ಅರ್ಥಗಳು ಎದ್ದು ಬಂದಿದ್ದವು. ಮೂರು ಅಕ್ಷರಾಂಶ ಕಳೆದ ಮೇಲೆ ತೋರಿಸಿದರೆ ಇರುವೆಗೆ ಮಾತ್ರ ಆ ಚುರುಕು. ಅಷ್ಟರಲ್ಲಿ ಹೊಂದದ ಅರ್ಥ ಅಡಗಿಹೋಗಿತ್ತು.

ಇಡೀ ಓದು ನಡೆಯುವುದೇ ಹೀಗೆ ಎಂದು ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ವಾಲ್ಟರ್ ಕಿಂಚ್ 1988ರಲ್ಲಿ ಪ್ರತಿಪಾದಿಸಿದರು. ಅವರ ಪ್ರಕಾರ ಇದರಲ್ಲಿ ಎರಡು ಹಂತ. ಮೊದಲ ಹಂತದಲ್ಲಿ ಪ್ರತಿ ಪದವೂ ತನಗೆ ನಂಟಿರುವ ನೆನಪುಗಳನ್ನೆಲ್ಲ ಎಬ್ಬಿಸುತ್ತದೆ. ಇಲ್ಲಿ ಆಯ್ಕೆಯಿಲ್ಲ, ಬೇಕಾದ್ದೂ ಬೇಡದ್ದೂ ಏಳುತ್ತವೆ. ಗುಡುಗು ಎಂದರೆ ಮಳೆ ಏಳುತ್ತದೆ, ಮಿಂಚು ಏಳುತ್ತದೆ, ಕರೆಂಟು ಹೋಗುವುದು ಏಳುತ್ತದೆ. ಹಪ್ಪಳ ಎಂದರೆ ಬಿಸಿಲು, ಎಣ್ಣೆ, ಮದುವೆಮನೆಯ ಊಟ. ಎರಡನೆಯ ಹಂತದಲ್ಲಿ, ಎದ್ದವುಗಳಲ್ಲಿ ಯಾವುದು ಹೆಚ್ಚು ಕಡೆ ಹೊಂದುತ್ತದೋ ಅದು ಬಲಗೊಳ್ಳುತ್ತದೆ. ಯಾವುದಕ್ಕೂ ಹೊಂದದ್ದು ಸೊರಗುತ್ತದೆ. ಮಳೆ ಗುಡುಗಿಗೂ ಹೊಂದುತ್ತದೆ, ಒಣಗದ ಹಪ್ಪಳಕ್ಕೂ ಹೊಂದುತ್ತದೆ, ಅವಸರದ ಹೆಜ್ಜೆಗೂ ಹೊಂದುತ್ತದೆ. ಮದುವೆಮನೆ ಹಪ್ಪಳವೊಂದಕ್ಕೇ ಹೊಂದುತ್ತದೆ, ಆದ್ದರಿಂದ ನಿಮ್ಮ ಗಮನಕ್ಕೆ ಬರುವ ಮುಂಚೆಯೇ ಮಸುಕಾಗುತ್ತದೆ.

ಬರೆಯದ ಸಾಲು ಹುಟ್ಟುವುದು ಇಲ್ಲಿಯೇ. ಬರಹದ ಹಲವು ತುಣುಕುಗಳು ತಮ್ಮ ತಮ್ಮ ನೆನಪುಗಳನ್ನು ಕರೆದಾಗ, ಎಲ್ಲವಕ್ಕೂ ಸಾಮಾನ್ಯವಾಗಿ ಒದಗಿದ್ದು ಬರೆದದ್ದರಷ್ಟೇ ಗಟ್ಟಿಯಾಗಿ ಚಿತ್ರದೊಳಗೆ ಸೇರಿಕೊಳ್ಳುತ್ತದೆ.

ಇದರ ವೇಗ ಎಷ್ಟೆಂಬುದು ಮೆದುಳಿನ ವಿದ್ಯುತ್ ಅಲೆಗಳಿಂದ ಗೊತ್ತಾಗುತ್ತದೆ. ಬಿಸಿ ಬ್ರೆಡ್ಡಿಗೆ ಕಾಲುಚೀಲ ಸವರಿದ ಎಂಬಂಥ ವಾಕ್ಯದ ಕೊನೆಯ ಪದವನ್ನು ಓದಿದ ಸುಮಾರು 400 ಮಿಲಿಸೆಕೆಂಡಿಗೆ ಮೆದುಳಿನಲ್ಲಿ ಒಂದು ವಿಶಿಷ್ಟ ಅಲೆ ಏಳುತ್ತದೆ ಎಂದು 1980ರಲ್ಲಿ ಮಾರ್ತಾ ಕುಟಾಸ್ ಮತ್ತು ಸ್ಟೀವನ್ ಹಿಲ್ಯಾರ್ಡ್ ತೋರಿಸಿದರು. 1999ರಲ್ಲಿ ನೆದರ್ಲ್ಯಾಂಡ್ಸಿನ ಸಂಶೋಧಕರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಬಿಡಿಯಾಗಿ ನೋಡಿದರೆ ಯಾವ ದೋಷವೂ ಇಲ್ಲದ, ಹಿಂದಿನ ಕಥೆಗೆ ಮಾತ್ರ ಹೊಂದದ ಪದವೂ ಅದೇ ಅಲೆಯನ್ನು ಎಬ್ಬಿಸುತ್ತದೆ ಎಂದು ಕಂಡರು. ವಾಕ್ಯದ ಅರ್ಥ ಮೊದಲು, ಕಥೆಯ ಅರ್ಥ ಆಮೇಲೆ ಎಂಬ ಸರದಿ ಮೆದುಳಿಗಿಲ್ಲ. ಹೊಸ ಪದವನ್ನು ಅದು ಅರ್ಧ ಸೆಕೆಂಡಿನೊಳಗೆ ಇಡೀ ಚಿತ್ರದ ಎದುರು ಇಟ್ಟು ನೋಡುತ್ತದೆ.

ಗೊತ್ತಿದ್ದವನ ಕಾಲು ಉದ್ದ

ಕಲ್ಲುಗಳ ನಡುವಿನ ಅಂತರ ಎಲ್ಲರಿಗೂ ಒಂದೇ. ಕಾಲಿನ ಉದ್ದ ಬೇರೆ ಬೇರೆ. ಓದಿನಲ್ಲಿ ಕಾಲಿನ ಉದ್ದವೆಂದರೆ ವಿಷಯದ ಬಗ್ಗೆ ಮೊದಲೇ ಇರುವ ತಿಳಿವಳಿಕೆ.

ಬ್ರಾನ್ಸ್‌ಫೋರ್ಡ್ ಮತ್ತು ಮಾರ್ಸಿಯಾ ಜಾನ್ಸನ್ 1972ರಲ್ಲಿ ಒಂದು ವಿಚಿತ್ರ ಬರಹ ತಯಾರಿಸಿದರು. ವಸ್ತುಗಳನ್ನು ಗುಂಪುಗಳಾಗಿ ವಿಂಗಡಿಸುವುದು, ಒಮ್ಮೆಗೆ ತೀರಾ ಹೆಚ್ಚು ಹಾಕದಿರುವುದು, ಮುಗಿದ ಮೇಲೆ ಮತ್ತೆ ಜೋಡಿಸಿಡುವುದು, ಹೀಗೆ ಸಾಗುತ್ತದೆ ಆ ವಿವರಣೆ. ಪ್ರತಿ ಪದವೂ ಗೊತ್ತಿರುವುದೇ, ಪ್ರತಿ ವಾಕ್ಯವೂ ಸರಳವೇ, ಆದರೂ ಏನೂ ತಿಳಿಯದು. ಇದು ಬಟ್ಟೆ ಒಗೆಯುವ ವಿಚಾರ ಎಂದು ಮೊದಲೇ ಹೇಳಿದರೆ ಎಲ್ಲವೂ ಸ್ಪಷ್ಟ. ವಿಷಯ ಹೇಳದೆ ಕೇಳಿಸಿದವರು 18 ಅಂಶಗಳಲ್ಲಿ ಸರಾಸರಿ 2.8 ಅಂಶ ನೆನಪಿಟ್ಟುಕೊಂಡರು. ಮೊದಲೇ ಹೇಳಿಸಿಕೊಂಡವರು 5.8 ಅಂಶ ನೆನಪಿಟ್ಟರು. ಎಲ್ಲ ಮುಗಿದ ಮೇಲೆ ವಿಷಯ ಹೇಳಿದರೆ ಪ್ರಯೋಜನವಾಗಲಿಲ್ಲ, ಅವರ ಸರಾಸರಿ 2.7ರ ಆಸುಪಾಸಿನಲ್ಲೇ ಉಳಿಯಿತು. ತಿಳಿವಳಿಕೆ ಹೆಜ್ಜೆ ಇಡುವ ಹೊತ್ತಿಗೆ ಒದಗಬೇಕು, ಹಳ್ಳಕ್ಕೆ ಬಿದ್ದ ಮೇಲೆ ಒದಗಿ ಫಲವಿಲ್ಲ.

1988ರಲ್ಲಿ ಡೋನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಅಮೆರಿಕದ 7 ಮತ್ತು 8ನೇ ತರಗತಿಯ 64 ಮಕ್ಕಳಿಗೆ ಬೇಸ್‌ಬಾಲ್ ಪಂದ್ಯದ ಒಂದು ಭಾಗದ ವರ್ಣನೆ ಕೊಟ್ಟು ಓದಿಸಿದರು. ಓದಿದ್ದನ್ನು ಮೈದಾನದ ಮಾದರಿಯ ಮೇಲೆ ಮರದ ಗೊಂಬೆಗಳನ್ನು ನಡೆಸಿ ತೋರಿಸಬೇಕಿತ್ತು. ಓದಿನಲ್ಲಿ ಹಿಂದುಳಿದಿದ್ದರೂ ಬೇಸ್‌ಬಾಲ್ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದರೂ ಬೇಸ್‌ಬಾಲ್ ಅರಿಯದ ಮಕ್ಕಳನ್ನು ಬಹಳ ಹಿಂದೆ ಹಾಕಿದರು. ನಮ್ಮಲ್ಲಿ ಕ್ರಿಕೆಟ್ ವರದಿಯೊಂದನ್ನು ಇಟ್ಟು ಯೋಚಿಸಿದರೆ ಇದರ ತೂಕ ತಿಳಿಯುತ್ತದೆ. ಕೊನೆಯ ಓವರ್, ಒಂಬತ್ತು ವಿಕೆಟ್ ಬಿದ್ದಿವೆ, ಬೌಲರ್ ಬ್ಯಾಟ್ ಹಿಡಿದು ಬಂದ ಎಂಬಲ್ಲಿರುವ ಆತಂಕ ಆಟ ಬಲ್ಲವನಿಗೆ ಮಾತ್ರ ಸಿಗುತ್ತದೆ. ಆಟ ಗೊತ್ತಿಲ್ಲದವನಿಗೆ ಎಷ್ಟೇ ಒಳ್ಳೆಯ ಕನ್ನಡ ಬಂದರೂ ಅದು ಸಿಗದು.

ನಗರದಲ್ಲಿ ಬೆಳೆದ ಮಗುವಿಗೆ ಒಕ್ಕಣೆಯ ಪಾಠ, ಹಳ್ಳಿಯ ಮಗುವಿಗೆ ಮೆಟ್ರೋ ನಿಲ್ದಾಣದ ಪಾಠ ಬಂದಾಗ, ಮಗು ಎಡವಿದ್ದು ಓದಿನಲ್ಲೋ ಅನುಭವದಲ್ಲೋ ಎಂದು ಕೇಳಿಕೊಳ್ಳಲೇಬೇಕು. ಓದುವ ಸಾಮರ್ಥ್ಯವೆಂದು ನಾವು ಅಳೆಯುತ್ತಿರುವುದರಲ್ಲಿ ಬಹುಪಾಲು ಜಗತ್ತಿನ ತಿಳಿವಳಿಕೆಯೇ ಇರುತ್ತದೆ.

ಗೊತ್ತಿದ್ದರೂ ದಾಟದವರು

ತಿಳಿವಳಿಕೆ ಇದ್ದರೆ ಸಾಕೇ? ಇದನ್ನು ಬೇರ್ಪಡಿಸಿ ನೋಡಲು ಕೆನಡಾದ ಮಾರ್ಸಿಯಾ ಬಾರ್ನ್ಸ್ ಮತ್ತು ಸಂಗಡಿಗರು 1996ರಲ್ಲಿ ಜಾಣ ಉಪಾಯವೊಂದನ್ನು ಹೂಡಿದರು. ಗ್ಯಾನ್ ಎಂಬ ಕಾಲ್ಪನಿಕ ಗ್ರಹವನ್ನು ಸೃಷ್ಟಿಸಿ ಅಲ್ಲಿನ ಸಂಗತಿಗಳನ್ನು ಮಕ್ಕಳಿಗೆ ಕಲಿಸಿದರು. ಅಲ್ಲಿನ ಕರಡಿಗಳ ತುಪ್ಪಳ ನೀಲಿ. ಅಲ್ಲಿನ ಕೊಳಗಳಲ್ಲಿ ಕಿತ್ತಳೆ ಹಣ್ಣಿನ ರಸ. ಆ ಗ್ರಹದಲ್ಲಿ ನಡೆಯುವ ಕಥೆ ಓದಿಸಿ, ಈ ಸಂಗತಿಗಳನ್ನು ಬಳಸಿದರೆ ಮಾತ್ರ ಉತ್ತರ ಸಿಗುವ ಪ್ರಶ್ನೆಗಳನ್ನು ಕೇಳಿದರು. ಗ್ಯಾನ್ ಎಲ್ಲರಿಗೂ ಹೊಸದು, ಹಾಗಾಗಿ ತಿಳಿವಳಿಕೆಯಲ್ಲಿ ಎಲ್ಲರೂ ಸಮಾನರು.

2001ರಲ್ಲಿ ಇಂಗ್ಲೆಂಡಿನ ಕೇಟ್ ಕೇನ್, ಜೇನ್ ಓಕ್‌ಹಿಲ್ ಮತ್ತಿತರರು ಇದೇ ವಿಧಾನವನ್ನು 7–8 ವರ್ಷದ ಮಕ್ಕಳಲ್ಲಿ ಬಳಸಿದರು. ಇವರು ಗಮನಿಸಿದ್ದು ಗಟ್ಟಿಯಾಗಿ ಸರಾಗವಾಗಿ ಓದುವ, ಆದರೆ ಅರ್ಥ ಹಿಡಿಯುವುದರಲ್ಲಿ ಸೋಲುವ ಮಕ್ಕಳನ್ನು. ಕಲಿತ ಸಂಗತಿ ಅವರಿಗೆ ಚೆನ್ನಾಗಿ ನೆನಪಿದ್ದಾಗಲೂ ಊಹೆ ಕಡಿಮೆಯೇ ಆಗುತ್ತಿತ್ತು. ತಪ್ಪು ಎಲ್ಲಿ ಎಂದು ಹುಡುಕಿದರೆ, ಕಥೆಯಿಂದ ಬೇಕಾದ ಸಾಲನ್ನು ಆರಿಸಿ ಕೈಗೆತ್ತಿಕೊಳ್ಳುವಲ್ಲಿ ಅವರು ಸೋಲುತ್ತಿದ್ದರು. ಮುಂದಿನ ಕಲ್ಲಿಗೆ ಕಾಲು ಚಾಚುವಾಗ ಹಿಂದಿನ ಕಾಲು ಹಿಂದಿನ ಕಲ್ಲಿನ ಮೇಲೆ ಭದ್ರವಾಗಿರಬೇಕು. ಇವರ ಹಿಂದಿನ ಕಾಲು ಜಾರಿಬಿಟ್ಟಿರುತ್ತದೆ.

ಈ ಮಕ್ಕಳಿಗೆ ಇನ್ನೊಂದು ತೊಡಕೂ ಇರಬಹುದು. ಓದುವುದೆಂದರೆ ಪದಗಳನ್ನು ಸರಿಯಾಗಿ ಉಚ್ಚರಿಸುವುದು ಎಂದೇ ನಂಬಿದ ಮಗು ಒಂದೇ ಕಲ್ಲಿನ ಮೇಲೆ ನಿಂತು ಅದನ್ನೇ ಚೆನ್ನಾಗಿ ನೋಡುತ್ತಿರುತ್ತದೆ. ದಾಟಬೇಕೆಂಬುದೇ ಅದಕ್ಕೆ ಗೊತ್ತಿರುವುದಿಲ್ಲ. ಇದನ್ನು ಕಲಿಸಬಹುದು ಎಂಬುದು ಸಂತೋಷದ ವಿಚಾರ. 1988ರಲ್ಲಿ ನಿಕೋಲಾ ಯುಯಿಲ್ ಮತ್ತು ಓಕ್‌ಹಿಲ್ ಇಂಥ ಮಕ್ಕಳಿಗೆ ಕೆಲವೇ ಪಾಠಗಳ ತರಬೇತಿ ಕೊಟ್ಟರು. ಪ್ರತಿ ಪದ ಏನನ್ನು ತಿಳಿಸುತ್ತದೆ ಎಂದು ಬಿಡಿಸಿ ಹೇಳುವುದು, ಕಥೆಯ ಬಗ್ಗೆ ಮಕ್ಕಳೇ ಪ್ರಶ್ನೆ ಕಟ್ಟುವುದು, ಮುಚ್ಚಿಟ್ಟ ವಾಕ್ಯದಲ್ಲಿ ಏನಿರಬಹುದೆಂದು ಊಹಿಸುವುದು, ಇಷ್ಟೇ. ಬರೀ ವೇಗವಾಗಿ ಓದುವ ಅಭ್ಯಾಸ ಮಾಡಿದ ಮಕ್ಕಳಿಗಿಂತ ಇವರು ಅರ್ಥಗ್ರಹಣದಲ್ಲಿ ಎದ್ದು ಕಾಣುವಷ್ಟು ಮುಂದೆ ಬಂದರು.

ಬೇಕೆಂದೇ ಬಿಟ್ಟ ಮಾತು

ಇಲ್ಲಿಯವರೆಗೆ ನೋಡಿದ್ದು ಹೇಳದಿದ್ದರೂ ನಡೆಯುತ್ತದೆ ಎಂದು ಬಿಟ್ಟ ಮಾತುಗಳನ್ನು. ಹೇಳದೆ ಇರುವುದೇ ಹೇಳುವ ರೀತಿಯಾಗುವ ಸಂದರ್ಭಗಳೂ ಇವೆ. ಆಕ್ಸ್‌ಫರ್ಡಿನ ತತ್ತ್ವಜ್ಞಾನಿ ಪಾಲ್ ಗ್ರೈಸ್ 1967ರಲ್ಲಿ ಹಾರ್ವರ್ಡಿನಲ್ಲಿ ನೀಡಿದ ಉಪನ್ಯಾಸಗಳಲ್ಲಿ ಇದರ ಕೀಲಿಯನ್ನು ತೋರಿಸಿದರು. ಮಾತಾಡುವವರಿಬ್ಬರೂ ಒಬ್ಬರಿಗೊಬ್ಬರು ಸಹಕರಿಸುತ್ತಿದ್ದೇವೆ ಎಂಬ ನಂಬಿಕೆಯಲ್ಲಿರುತ್ತಾರೆ. ಬೇಕಾದಷ್ಟು ಹೇಳುವುದು, ನಿಜ ಹೇಳುವುದು, ಸಂಬಂಧಪಟ್ಟದ್ದನ್ನು ಹೇಳುವುದು, ಸ್ಪಷ್ಟವಾಗಿ ಹೇಳುವುದು ಆ ಸಹಕಾರದ ಲಕ್ಷಣ. ತತ್ತ್ವಶಾಸ್ತ್ರ ಕಲಿಸುವ ಹುದ್ದೆಗೆ ಅರ್ಜಿ ಹಾಕಿದ ಶಿಷ್ಯನ ಬಗ್ಗೆ ಗುರು ಬರೆದ ಪತ್ರದಲ್ಲಿ ಅವನ ಭಾಷೆ ಚೆನ್ನಾಗಿದೆ, ತರಗತಿಗೆ ತಪ್ಪದೆ ಬರುತ್ತಾನೆ ಎಂದಷ್ಟೇ ಇದ್ದರೆ ಓದಿದವರು ಏನು ತಿಳಿಯುತ್ತಾರೆ? ವಿದ್ಯೆಯ ಬಗ್ಗೆ ಹೇಳಲು ಒಳ್ಳೆಯದೇನೂ ಇಲ್ಲ ಎಂದು. ಹೇಳಬೇಕಾದ ಜಾಗದಲ್ಲಿ ಮಾತು ಇಲ್ಲದಿದ್ದುದೇ ಇಲ್ಲಿ ಸುಳಿವು.

ಈ ಸುಳಿವು ಹಿಡಿಯುವುದು ವಯಸ್ಸಿನೊಡನೆ ಬೆಳೆಯುತ್ತದೆ. ಫ್ರಾನ್ಸಿನಲ್ಲಿ ಐರಾ ನೋವೆಕ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲವು ಜಿರಾಫೆಗಳಿಗೆ ಉದ್ದ ಕತ್ತಿದೆ ಎಂಬಂಥ ಮಾತುಗಳನ್ನು 8 ವರ್ಷದ ಮಕ್ಕಳು ಶೇ. 89ರಷ್ಟು ಸಲ ಒಪ್ಪಿದರು, 10 ವರ್ಷದವರು ಶೇ. 85ರಷ್ಟು ಸಲ. ದೊಡ್ಡವರು ಒಪ್ಪಿದ್ದು ಶೇ. 41 ಮಾತ್ರ. ಎಲ್ಲ ಎನ್ನಬಹುದಾದಲ್ಲಿ ಕೆಲವು ಎಂದರೆ ಎಲ್ಲಕ್ಕೂ ಇಲ್ಲ ಎಂದಾಯಿತು ಎಂಬ ಲೆಕ್ಕ ಮಕ್ಕಳಲ್ಲಿ ನಿಧಾನವಾಗಿ ಬಲಿಯುತ್ತದೆ. ಆ ಲೆಕ್ಕ ಹಾಕಲು ಬರೆದವರು ಇನ್ನೇನು ಬರೆಯಬಹುದಿತ್ತು ಎಂಬುದೂ ಓದುಗನ ಮನಸ್ಸಿನಲ್ಲಿ ಎದ್ದು ಬರಬೇಕು.

ನಮ್ಮ ಕಾವ್ಯಮೀಮಾಂಸೆ ಇದನ್ನು ತನ್ನ ನಡುಮನೆಯಲ್ಲೇ ಇರಿಸಿಕೊಂಡಿದೆ. 9ನೇ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ ಕಾವ್ಯದ ಆತ್ಮವೇ ಧ್ವನಿ, ಅಂದರೆ ಹೇಳದೆ ಹೊಳೆಯುವ ಅರ್ಥ, ಎಂದು ನಿರೂಪಿಸಿದ. ಅದೇ ಶತಮಾನದ ಕನ್ನಡದ ಕವಿರಾಜಮಾರ್ಗವೂ ಧ್ವನಿಯನ್ನು ಒಂದು ಅಲಂಕಾರವಾಗಿ ಹೆಸರಿಸುತ್ತದೆ. ಆಲಂಕಾರಿಕರು ಮತ್ತೆ ಮತ್ತೆ ಚರ್ಚಿಸುವ ಉದಾಹರಣೆ ಗಂಗೆಯ ಮೇಲೆ ಹಳ್ಳಿ ಎಂಬ ಮಾತು. ಹರಿಯುವ ನೀರಿನ ಮೇಲೆ ಹಳ್ಳಿ ಇರಲಾರದು, ಮೊದಲ ಅರ್ಥ ಅಲ್ಲಿಗೆ ತಡೆಯಿತು. ಆಗ ನದಿಯ ದಡ ಎಂಬ ಹತ್ತಿರದ ಅರ್ಥಕ್ಕೆ ಮನಸ್ಸು ಜರುಗುತ್ತದೆ. ದಡ ಎಂದೇ ಹೇಳಬಹುದಿತ್ತಲ್ಲ ಎಂಬ ಪ್ರಶ್ನೆ ಬಂದಾಗ, ಆ ಹಳ್ಳಿಯ ತಂಪು ಮತ್ತು ಪಾವನತೆ ಧ್ವನಿಯಾಗಿ ಹೊಳೆಯುತ್ತವೆ. ತಡೆ, ಹತ್ತಿರದ್ದಕ್ಕೆ ಜರುಗುವುದು, ಹಾಗೆ ಹೇಳಿದ ಉದ್ದೇಶ ಎಂಬ ಈ ಮೂರು ಮೆಟ್ಟಿಲುಗಳನ್ನು ಗ್ರೈಸ್ ಓದಿದ್ದರೆ ತನ್ನದೇ ದಾರಿ ಎಂದು ಗುರುತಿಸುತ್ತಿದ್ದರು.

ಊಹೆ ದಾರಿ ತಪ್ಪಿದಾಗ

ಓದುಗನಿಗೆ ಇಷ್ಟು ನೆರವಾಗುವ ಊಹೆಯ ಈ ಯಂತ್ರ ಅವನನ್ನು ಮೋಸಕ್ಕೂ ಒಡ್ಡುತ್ತದೆ. ಕೇಂಬ್ರಿಜ್‌ನ ಫ್ರೆಡೆರಿಕ್ ಬಾರ್ಟ್ಲೆಟ್ ಉತ್ತರ ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಇಂಗ್ಲಿಷ್ ಓದುಗರಿಗೆ ಕೊಟ್ಟು, ಆಮೇಲೆ ನೆನಪಿನಿಂದ ಹೇಳಿಸಿದರು. ಅವರ 1932ರ ಪುಸ್ತಕದಲ್ಲಿ ಅದರ ವಿವರಗಳಿವೆ. ಹೇಳುತ್ತ ಹೇಳುತ್ತ ಕಥೆ ಇಂಗ್ಲೆಂಡಿನದಾಗುತ್ತ ಹೋಯಿತು. ಆ ಜನರ ತೋಡುದೋಣಿ ಬರೀ ದೋಣಿಯಾಯಿತು, ಅರ್ಥವಾಗದ ಭಾಗಗಳು ಉದುರಿಹೋದವು, ಇಲ್ಲದ ಕಾರಣಗಳು ಸೇರಿಕೊಂಡವು. ಹೊಂದುವುದೇ ಉಳಿಯುತ್ತದೆ ಎಂಬ ನಿಯಮ ಇಲ್ಲಿಯೂ ಕೆಲಸ ಮಾಡಿದೆ. ಓದುಗನ ಲೋಕಕ್ಕೆ ಹೊಂದುವುದು ಉಳಿಯಿತು, ಬರೆದವರ ಲೋಕ ಮರೆಯಾಯಿತು.

ಇದರ ಇಂದಿನ ರೂಪ ನಮ್ಮ ಫೋನುಗಳಲ್ಲೇ ಇದೆ. ‘ಬೆಳಿಗ್ಗೆ ಚುಚ್ಚುಮದ್ದು ಕೊಟ್ಟರು. ಸಂಜೆ ರೋಗಿ ತೀರಿಕೊಂಡರು.’ ಎರಡೂ ವಾಕ್ಯ ನಿಜವೇ ಆಗಿರಬಹುದು. ಚುಚ್ಚುಮದ್ದಿನಿಂದಲೇ ಸತ್ತರು ಎಂಬ ಮೂರನೆಯ ವಾಕ್ಯ ಎಲ್ಲೂ ಇಲ್ಲ. ಆದರೆ ನಾಳೆ ನೆನಪಿನಲ್ಲಿ ಉಳಿಯುವುದು ಅದೇ, ಏಕೆಂದರೆ ಆ ಹೆಜ್ಜೆಯನ್ನು ಇಟ್ಟವರು ನಾವು. ಬರೆದವರನ್ನು ಹಿಡಿದು ಕೇಳಿದರೆ ‘ನಾನು ಹಾಗೆ ಹೇಳಲೇ ಇಲ್ಲ’ ಎನ್ನಬಹುದು, ಅದೂ ನಿಜ. ಜಾಹೀರಾತು, ಚುನಾವಣೆಯ ಭಾಷಣ, ಗಾಳಿಸುದ್ದಿ ಇವೆಲ್ಲ ಓದುಗನ ಇದೇ ಸ್ವಭಾವವನ್ನು ನೆಚ್ಚಿಕೊಂಡಿವೆ. ಸನ್ನಿವೇಶಚಿತ್ರದಲ್ಲಿ ಬರೆದದ್ದು, ಬರೆಯದ್ದು ಎಂಬ ಗೆರೆ ತಾನಾಗಿ ಇರುವುದಿಲ್ಲವಾದ್ದರಿಂದ ನಾವೇ ಅದನ್ನು ಎಳೆಯಲು ಕಲಿಯಬೇಕು. ‘ಇದು ನನಗೆ ಹೇಗೆ ಗೊತ್ತಾಯಿತು? ಯಾವ ಸಾಲು ಹೇಳಿತು, ಯಾವುದನ್ನು ನಾನು ತಂದೆ?’ ಎಂದು ಕೇಳಿಕೊಂಡರೆ ಆ ಗೆರೆ ಕಾಣುತ್ತದೆ. ಹೊಂದುವ ಊಹೆ ಇನ್ನೊಂದೂ ಇದೆಯೇ ಎಂದು ನೋಡಿದರೆ ಗೆರೆ ಇನ್ನಷ್ಟು ಸ್ಪಷ್ಟವಾಗುತ್ತದೆ.

ಎಡವಿದ ಮಗುವಿಗೆ ಯಾವ ಮದ್ದು?

ಒಳಾರ್ಥ ಪುಟದಲ್ಲಿ ಅಡಗಿ ಕೂತಿರುವ ವಸ್ತುವಾಗಿದ್ದರೆ ‘ಇನ್ನೊಂದು ಸಲ ಓದು, ಗಮನವಿಟ್ಟು ಓದು’ ಎಂಬ ಉಪದೇಶ ಸಾಕಾಗುತ್ತಿತ್ತು. ಅದು ಅಲ್ಲಿರುವುದಿಲ್ಲ. ಬರಹದ ತುಣುಕುಗಳೂ ಓದುಗನ ತಿಳಿವಳಿಕೆಯೂ ಕೂಡಿದಾಗ ಅದು ಹುಟ್ಟುತ್ತದೆ. ಆದ್ದರಿಂದ ಮಗು ಎಡವಿದಾಗ ಉತ್ತರವನ್ನು ತಿದ್ದುವ ಮುಂಚೆ ಎಡವಿದ ಕಾರಣವನ್ನು ಹುಡುಕಬೇಕು. ‘ಹೇಗೆ ಗೊತ್ತಾಯಿತು?’ ಎಂಬ ಪ್ರಶ್ನೆ ಕಾರಣವನ್ನು ಬಯಲಿಗೆ ತರುತ್ತದೆ.

ಹಿಂದಿನ ಸಾಲು ಮರೆತುಹೋಗಿದ್ದರೆ, ಬರಹವನ್ನು ಸಣ್ಣ ತುಂಡುಗಳಾಗಿ ಓದಿಸಿ, ಪ್ರತಿ ತುಂಡಿನ ಕೊನೆಗೆ ಈವರೆಗೆ ನಡೆದದ್ದನ್ನು ಮಗುವಿನ ಮಾತಿನಲ್ಲೇ ಹೇಳಿಸಬೇಕು. ವಿಷಯವೇ ಅಪರಿಚಿತವಾಗಿದ್ದರೆ ಪಾಠಕ್ಕೆ ಮುಂಚೆ ಆ ಲೋಕವನ್ನು ತೋರಿಸಬೇಕು, ಕಥೆಯಿಂದಲೋ ಚಿತ್ರದಿಂದಲೋ ಹೊಲಕ್ಕೆ ಕರೆದೊಯ್ದೋ. ಪಾಠ ಮುಗಿದ ಮೇಲೆ ಕೊಡುವ ವಿವರಣೆ ತಡವಾಗಿ ಬಂದ ತಿಳಿವಳಿಕೆ ಎಂಬುದನ್ನು ಬಟ್ಟೆ ಒಗೆಯುವ ಪ್ರಯೋಗ ಸಾರಿ ಹೇಳಿದೆ. ಎರಡೂ ಸರಿಯಿದ್ದು ಸೇರಿಸುವ ಅಭ್ಯಾಸ ಮಾತ್ರ ಇಲ್ಲದಿದ್ದರೆ, ಸಾಲಿಗೆ ಗೆರೆ ಎಳೆದು ಉತ್ತರ ನಕಲು ಮಾಡುವ ಪ್ರಶ್ನೆಗಳನ್ನು ಕಡಿಮೆ ಮಾಡಿ, ಎರಡು ಸಾಲುಗಳನ್ನು ಬೆಸೆಯದೆ ಉತ್ತರಿಸಲಾಗದ ಪ್ರಶ್ನೆಗಳನ್ನು ಹೆಚ್ಚು ಕೇಳಬೇಕು.

ಮೂರು ತೊಂದರೆಗಳೂ ಹೊರಗಿನಿಂದ ಒಂದೇ ರೀತಿ ಕಾಣುತ್ತವೆ: ಸರಾಗವಾಗಿ ಓದುವ ಮಗು, ತಪ್ಪು ಉತ್ತರ. ಅದನ್ನು ದಡ್ಡತನ ಎಂದು ಬರೆದು ಮುಗಿಸುವ ಶಾಲೆ ಮೂರರಲ್ಲಿ ಒಂದನ್ನೂ ಗುಣಪಡಿಸಲಾರದು. ಯಾವುದು ಎಂದು ಕೇಳಿ ತಿಳಿದುಕೊಳ್ಳುವ ಶಿಕ್ಷಕರಿಗೆ ಮೂರಕ್ಕೂ ಮದ್ದು ಇದೆ, ಅದಕ್ಕೆ ಬೇಕಾದದ್ದು ಪ್ರಶ್ನೆ ಕೇಳುವ ತಾಳ್ಮೆ ಮತ್ತು ಮಗುವಿನ ತಪ್ಪು ಉತ್ತರವನ್ನೂ ಕೊನೆಯವರೆಗೆ ಕೇಳಿಸಿಕೊಳ್ಳುವ ಮನಸ್ಸು.